ಹೀಟ್‌ಸಿಂಕ್ ತಿಕ್ಕಿದ ಹುಡುಗಿ

"ಏ! ಫ್ಯಾನ್ ಯಾಕ ತಿರುಗಿಸಿದಿ?!"

ವಾಡಿಯ ಸ್ಟೇಷನ್ ರೋಡಿನಲ್ಲಿದ್ದ ಆ ವಿಡಿಯೋ ಅಂಗಡಿಯೊಳಗೆ ಕಾಲಿಟ್ಟ ಲುಂಬಿನಿ ಇನ್ನೂ ಬೆವರು ಕೂಡ ಒರೆಸಿಕೊಂಡಿರಲಿಲ್ಲ. ಅಷ್ಟರಲ್ಲೇ ಈ ಕೂಗು!

ಅವಳು ಮಾಡಿದ್ದಾದರೂ ಏನು? ಹೊರಗೆ ಮೇ ತಿಂಗಳ ಬಿಸಿಲು. ಶಹಾಬಾದಿನಿಂದ ಪ್ಯಾಸೆಂಜರ್ ರೈಲಿನಲ್ಲಿ ನಿಂತುಕೊಂಡೇ ಬಂದಿದ್ದಳು. ಅಂಗಡಿಯಲ್ಲಿದ್ದದ್ದು ಒಂದೇ ಟೇಬಲ್ ಫ್ಯಾನ್. ಅದು ಮನುಷ್ಯರ ಕಡೆ ಮುಖ ಮಾಡದೆ, ಮುಚ್ಚಳ ಬಿಚ್ಚಿಟ್ಟ ಕಂಪ್ಯೂಟರ್ ಡಬ್ಬಿಯೊಳಗೆ ಗಾಳಿ ಬೀಸುತ್ತಿತ್ತು. ಡಬ್ಬಿಗೂ ಸೆಕೆಯೇ ಅಂದುಕೊಂಡು ಫ್ಯಾನಿನ ಕತ್ತನ್ನು ತನ್ನ ಕಡೆ ತಿರುಗಿಸಿಕೊಂಡಿದ್ದಳು, ಅಷ್ಟೇ.

ಕೂಗು ಮುಗಿಯುವಷ್ಟರಲ್ಲಿ ಕಂಪ್ಯೂಟರ್ ಪರದೆ ಕಪ್ಪಾಯಿತು.

"ಮುಂಜಾನಿಂದ ಕುಂತು ಎಡಿಟಿಂಗ್ ಮಾಡೀನಿ, ಎಲ್ಲಾ ಹೋತು! ಯಾರ್ ನೀ?"

"ಕೆಲಸಕ್ಕ ಬಂದೀನ್ರಿ... ಆಲ್ಬಂ ಡಿಸೈನ್ ಮಾಡ್ಲಿಕ್ಕ..."

"ಕೆಲಸಕ್ಕ ಬಂದ್ಯೋ, ಕೆಲಸ ಕೆಡಿಸ್ಲಿಕ್ಕ ಬಂದ್ಯೋ?"

ಲುಂಬಿನಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಗಾಳಿ ಮನಷ್ಯಾರಿಗಿ ಬೇಕಾಗ್ತದ್ರಿ, ಡಬ್ಬಿಗಲ್ಲ! ಗಿರಾಕಿ ಬಂದು ಬೆಂದು ಹೋದ್ರೂ ಚಿಂತಿಲ್ಲ ನಿಮಗ?"

ಅಂಗಡಿಯ ಮಾಲೀಕ ಚೌಡೇಶ ಬಾಯಿ ತೆರೆದು ಅವಳನ್ನೇ ನೋಡಿದ. ಆಮೇಲೆ ಇದ್ದಕ್ಕಿದ್ದಂತೆ ನಕ್ಕುಬಿಟ್ಟ. ಆ ನಗು ಚೆಂದವಿತ್ತು, ಅದೇ ಆಗಿದ್ದು ಎಡವಟ್ಟು!

ಪ್ರೀತಿ ಹುಟ್ಟುವುದಕ್ಕೆ ಮುಹೂರ್ತ ಬೇಕಿಲ್ಲ, ನಿಜ. ಆದರೆ ಇದೇ ಗಂಡಸು ಇದೇ ಅಂಗಡಿಯಲ್ಲಿ ಅವಳನ್ನು ಹೇಗೆ ನಡುನೀರಿನಲ್ಲಿ ಕೈಬಿಟ್ಟ ಎಂಬುದನ್ನು ಬಲ್ಲವರಿಗೆ, ಆ ದಿನ ಅವಳು ಬಂದ ರೈಲಿಗೇ ವಾಪಸ್ ಹೋಗಬಾರದಿತ್ತೇ ಅನ್ನಿಸುತ್ತದೆ. ಹೋಗಲಿಲ್ಲ. ಕೆಲಸಕ್ಕೆ ಸೇರಿದಳು.

ಲುಂಬಿನಿಯ ಅಪ್ಪ ಲಾಲಪ್ಪ ಶಹಾಬಾದಿನಲ್ಲಿ ಫರ್ಸಿ ಪಾಲಿಶ್ ಮಾಡುವವನು. ಊರೂರಿನ ಮನೆಗಳ ನೆಲಕ್ಕೆ ಹೋಗುವ ಹಾಸುಗಲ್ಲು ಅವನ ಕೈಯಲ್ಲಿ ನುಣುಪಾಗುತ್ತಿತ್ತು. ಶಾಲೆಯಲ್ಲಿ ಅವಳಿಗೆ ಹೆಸರೇ ಇರಲಿಲ್ಲ. "ಕಲ್ಲು ತಿಕ್ಕೋರ ಹುಡುಗಿ" ಅಂತಲೇ ಎಲ್ಲರೂ ಕರೆಯುತ್ತಿದ್ದರು. ಪಿಯುಸಿ ಮುಗಿಸಿ ಕಂಪ್ಯೂಟರ್ ಕಲಿತದ್ದು ಆ ಹೆಸರು ಕಳಚಿಕೊಳ್ಳಲೆಂದೇ.

ಅವಳಿಗೆ ಬೇಕಾಗಿದ್ದುದು ಒಂದೇ. ನಾಲ್ಕು ಜನರ ಮುಂದೆ ಅವಳ ಪರವಾಗಿ ಬಾಯಿ ತೆರೆಯುವ ಒಬ್ಬ ಮನುಷ್ಯ ಬೇಕಿತ್ತು. ಚೌಡೇಶ ಮೊದಲ ದಿನದಿಂದಲೂ ಅವಳನ್ನು "ಲುಂಬಿನಿ" ಎಂದು ಬಾಯ್ತುಂಬ ಕರೆದ. ಅಷ್ಟಕ್ಕೇ ಹುಚ್ಚು ಹುಡುಗಿ ಮನಸ್ಸು ಕೊಟ್ಟುಬಿಟ್ಟಳು.

ಅವನೂ ಕೊಟ್ಟ. ಆದರೆ ಕದ್ದು ಕೊಟ್ಟ.

"ಅವ್ವಗ ಹೇಳ್ತೀನಿ, ಸ್ವಲ್ಪ ತಡಿ," ಅನ್ನುತ್ತಿದ್ದ ಪ್ರತಿ ಸಲ. ಅವನ ತಾಯಿ ಹೀರಾಬಾಯಿ ದಿನಾ ಮಧ್ಯಾಹ್ನ ಬುತ್ತಿ ಹಿಡಿದು ಅಂಗಡಿಗೆ ಬರುತ್ತಿದ್ದಳು. ಕಾಗಿಣಾ ನದಿ ದಂಡೆಯ ಹಳೇ ಮನೆತನದ ಹೆಂಗಸು, ಮಾತು ಖಡಕ್. ಎಲ್ಲರಿಗೂ ಚಹಾ ತರಿಸಿ, ಲುಂಬಿನಿ ಕುಡಿದ ಕಪ್ಪನ್ನು ಮಾತ್ರ ಕಣ್ಣಲ್ಲೇ ತೋರಿಸುತ್ತಿದ್ದಳು. ಅದನ್ನು ಲುಂಬಿನಿಯೇ ತೊಳೆದು, ಬೇರೆಯೇ ಇಡಬೇಕು. ಚೌಡೇಶ ಆಗೆಲ್ಲ ಪರದೆಯೊಳಗೆ ಮುಖ ಹುದುಗಿಸಿಬಿಡುತ್ತಿದ್ದ.

'ಪಾಪ, ಅವ್ವಗ ಅಂಜತಾನ...' ಎಂದು ಲುಂಬಿನಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಪ್ರೀತಿ ಕುರುಡು ಅಂತಾರೆ. ಇವಳದು ಕಿವುಡೂ ಆಗಿತ್ತು!

ಮರುವರ್ಷದ ಬೇಸಿಗೆ ಬಂತು. ಮದುವೆಯ ಸೀಸನ್ನು, ಮೈ ಸುಡುವ ಬಿಸಿಲು, ಮೇಲೆ ಊರ ಕಾರ್ಖಾನೆಯ ಸಿಮೆಂಟಿನ ಧೂಳು. ಕಂಪ್ಯೂಟರ್ ಮತ್ತೆ ಮತ್ತೆ ಬಂದ್ ಬೀಳತೊಡಗಿತು. ಒಂದು ದಿನ ಚೌಡೇಶ ಅದರ ಹೊಟ್ಟೆ ಬಗೆದು, ಪ್ರೊಸೆಸರಿನ ತಲೆ ಮೇಲೆ ಕೂರುವ ಅಲ್ಯುಮಿನಿಯಂ ತುಂಡನ್ನು ಹೊರತೆಗೆದ.

"ಇದು ಹೀಟ್‌ಸಿಂಕ್. ಪ್ರೊಸೆಸರಿನ ಕಾವು ಎಳಕೊಳ್ಳೋದು ಇದರ ಕೆಲಸ. ತಳ ನೋಡಿದ್ಯಾ? ಬರೀ ಗೆರಿ ಗೆರಿ. ಇದನ್ನ ತಿಕ್ಕಿ ನುಣ್ಣಗ ಮಾಡಿದ್ರ ಬರೋಬ್ಬರಿ ಅಂಟಿಕೊಂಡು ಕುಂದರ್ತದ, ಜಲ್ದಿ ತಣ್ಣಗಾಗ್ತದ ಅಂತ ವಿಡಿಯೋದಾಗ ನೋಡೀನಿ."

ಲುಂಬಿನಿಯ ಕಣ್ಣು ಹೊಳೆಯಿತು. ತಿಕ್ಕುವುದೇ? "ಕೊಡ್ರಿ ಇಲ್ಲಿ. ಶಹಾಬಾದ್ ಮಂದಿಗಿ ಇದು ಯಾವ ಲೆಕ್ಕ?"

"ಕನ್ನಡಿ ಹಂಗ ಆಗ್ಬೇಕು ನೋಡು. ನನ್ನ ಮುಖ ಕಾಣ್ಬೇಕು."

"ನಿಮ್ಮ ಮುಖದಾಗ ನೋಡೋದೇನದ?"

"ನೀ ದಿನಾ ನೋಡ್ತಿಯಲ್ಲ, ನೀನೇ ಹೇಳು..."

ಅವಳ ಕೆನ್ನೆ ಕೆಂಪಾಯಿತು.

ಮನೆಯ ಕಟ್ಟೆ ಮೇಲೆ ಕುಳಿತು, ಅಪ್ಪನಿಂದ ಕಲಿತ ಹಾಗೆಯೇ ಕೆಲಸ ಶುರುಮಾಡಿದಳು. ಲಾಲಪ್ಪನ ಕಸುಬಿನಲ್ಲಿ ಒಂದೇ ಕಟ್ಟಳೆ. ಕಲ್ಲು ಕದಲಬಾರದು, ಕೈ ಆಡಬೇಕು. ಅದರಂತೆ ಹೀಟ್‌ಸಿಂಕನ್ನು ಎರಡು ಇಟ್ಟಿಗೆಯ ನಡುವೆ ಬಿಗಿಯಾಗಿ ಸಿಗಿಸಿ, ನೀರು ಚಿಮುಕಿಸುತ್ತ, ಮೊದಲು ಒರಟು ಪಾಲಿಶ್ ಪೇಪರು, ಆಮೇಲೆ ನುಣುಪು ಪೇಪರು ಹಿಡಿದು ಉಜ್ಜಿದಳು. ಲೋಹ ಬೆಳ್ಳಗೆ ಬೆಳಗಿತು.

ಚೌಡೇಶ ನೋಡಿ ಕುಣಿದಾಡಿದ. ಆದರೆ ಅವನಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. "ನಡುವ ಒಂದು ಕಲೆ ಉಳದದ ನೋಡು. ಅಷ್ಟು ತೆಗದುಬಿಡು, ಮಸ್ತ್ ಆಗ್ತದ!"

ಮತ್ತೆ ಒಯ್ದಳು. ಹೆಬ್ಬೆರಳಿಗೆ ಪೇಪರು ಸುತ್ತಿ, ನಟ್ಟನಡುವೆ ಆ ಕಲೆಯ ಮೇಲೇ ತಿಕ್ಕಿದಳು. ತಿಕ್ಕಿ ತಿಕ್ಕಿ ಬೆರಳಿನ ಚರ್ಮ ಸವೆದು ಕೆಂಪಾಯಿತು. ಮರುದಿನ ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನೇ ಒಪ್ಪಲಿಲ್ಲ.

"ಆ ಹುಡುಗನ ಡಬ್ಬಿ ಸಲುವಾಗಿ ಬೆರಳು ಕಳಕೊಂಡು, ನಮಗ ಅಕ್ಕಿನೂ ಇಲ್ಲಂಗ ಮಾಡಿದಿ!" ಎಂದು ತಾಯಿ ಪೀರಮ್ಮ ಬೈದಳು.

ಬೈಸಿಕೊಂಡರೂ ಲುಂಬಿನಿಗೆ ಖುಷಿಯೇ. ಈಗ ತಳದಲ್ಲಿ ಒಂದು ಗೆರೆಯೂ ಇಲ್ಲ. ಚೌಡೇಶ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಿದ. ಆಮೇಲೆ ಅವಳ ಹೆಬ್ಬೆರಳು ಹಿಡಿದು ಮೆಲ್ಲಗೆ ಊದಿದ. ಆ ಊದುವಿಕೆಗೆ ಅವಳು ಇನ್ನೂ ಹತ್ತು ಬೆರಳು ಸವೆಸಲು ತಯಾರಿದ್ದಳು.

ಅವನೇ ಕೈಯಾರೆ ಕಾವು ದಾಟಿಸುವ ಪೇಸ್ಟ್ ಬಳಿದು ಹೀಟ್‌ಸಿಂಕ್ ಕೂಡಿಸಿದ. ಇಬ್ಬರಿಗೂ ತಿಳಿಯದೇ ಹೋದದ್ದು ಒಂದೇ. ಕಲ್ಲಿಗೆ ಹೊಳಪು ಬಂದರೆ ಸಾಕು. ಹೀಟ್‌ಸಿಂಕಿಗೆ ಹೊಳಪಲ್ಲ, ಸಮತಟ್ಟು ಬೇಕು! ಬೆರಳು ಒತ್ತಿ ಒತ್ತಿ ನಡುವೆ ಕಣ್ಣಿಗೆ ಕಾಣದಷ್ಟು ತಗ್ಗು ಬಿದ್ದಿತ್ತು. ಕಾವು ಜಾಸ್ತಿ ಏಳುವ ಜಾಗದಲ್ಲೇ ಲೋಹ ಪ್ರೊಸೆಸರನ್ನು ಮುಟ್ಟುತ್ತಿರಲಿಲ್ಲ.

ಕೆಲವು ದಿನ ಕಂಪ್ಯೂಟರ್ ಹೇಗೋ ನಡೆಯಿತು. ಆಮೇಲೆ ಸೇಡಂನ ಅಮರನಾಥನ ಮಗಳ ಮದುವೆ ವಿಡಿಯೋ ಹಾಕಿಕೊಂಡು ಚೌಡೇಶ ಕುಳಿತ. ಅಮರನಾಥ ಬೀಜ ಗೊಬ್ಬರದ ಅಂಗಡಿಯವನು, ಸೇಡಂನಲ್ಲಿ ಅವನ ಮಾತು ಮೀರಿದವರಿಲ್ಲ. ಆ ದಿನದ ಬಿಸಿಲು ಕೇಳಬೇಡಿ. ಕಂಪ್ಯೂಟರ್ ಕೆಲಸದ ನಡುವೆ ಬಂದ್ ಬಿತ್ತು. ಹಚ್ಚಿದ. ಮತ್ತೆ ಬಿತ್ತು. ಹಟ ಹಿಡಿದು ಮತ್ತೆ ಮತ್ತೆ ಹಚ್ಚಿದ. ಕೊನೆಗೆ ಒಳಗಿನ ಹಾರ್ಡ್ ಡಿಸ್ಕೇ ಹೋಯಿತು. ಮದುವೆ ಪೂರಾ ಅದರಲ್ಲೇ ಇತ್ತು. ಕ್ಯಾಮೆರಾದ ಕಾರ್ಡುಗಳನ್ನು ಚೌಡೇಶ ಮೊದಲೇ ಅಳಿಸಿ ಇನ್ನೊಂದು ಮದುವೆಗೆ ಬಳಸಿದ್ದ.

ವಿಷಯ ತಿಳಿದು ಅಮರನಾಥ ಅಂಗಡಿಗೆ ನುಗ್ಗಿದ, ಬೆನ್ನ ಹಿಂದೆ ಅವನ ಕಡೆಯವರು. ಹೀರಾಬಾಯಿ ಬುತ್ತಿ ಬಿಚ್ಚುತ್ತಿದ್ದವಳು ಎದ್ದು ನಿಂತಳು.

"ಎಲ್ಲೋ ನನ್ನ ಮಗಳ ಲಗ್ನ? ಇನ್ನೊಮ್ಮಿ ತಾಳಿ ಕಟ್ಟಸ್ಲಿ ಏನು?!" ಅಮರನಾಥ ಚೌಡೇಶನ ಅಂಗಿಯ ಕೊರಳಪಟ್ಟಿ ಹಿಡಿದ. "ಯಾರು ಮಾಡಿದ್ದು ಇದು? ಹೇಳು!"

ಚೌಡೇಶನ ಕಣ್ಣು ಅಂಗಡಿಯೆಲ್ಲ ತಿರುಗಾಡಿ, ಮೂಲೆಯಲ್ಲಿ ನಿಂತ ಲುಂಬಿನಿಯ ಮೇಲೆ ಬಂದು ನಿಂತಿತು.

'ಇಲ್ಲ... ಹೇಳಂಗಿಲ್ಲ... ನನ್ನ ಹೆಸರು ಹೇಳಂಗಿಲ್ಲ ಅಂವ...'

"ಇಕಿ... ಇಕಿ ಹೀಟ್‌ಸಿಂಕ್ ಮನಿಗೆ ಒಯ್ದು ತಿಕ್ಕ್ಯಾಳ್ರಿ. ನಾ ಬ್ಯಾಡ ಅಂದಿದ್ದೆ. ಕೇಳ್ಲಿಲ್ಲ. ಅದಕ್ಕ ಕೆಟ್ಟದ."

ಲುಂಬಿನಿಯ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು. ಬ್ಯಾಡ ಅಂದಿದ್ದನಾ? ಇವನಾ?

ಹೀರಾಬಾಯಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ಕಲ್ಲು ತಿಕ್ಕೋರ ಕೈಗಿ ಇಂಥಾದ್ದು ಕೊಟ್ರ ಇನ್ನೇನಾಗ್ತದ? ಎಷ್ಟು ಓದಿದ್ರೇನು, ಆ ಮಂದಿ ಕೈಗುಣಾನೇ ಅಷ್ಟು. ಹೌದಲ್ಲೋ ಚೌಡ್ಯಾ?"

ಲುಂಬಿನಿ ಅವನ ಮುಖವನ್ನೇ ನೋಡಿದಳು. ಆ ಸುಳ್ಳನ್ನು ಕೂಡ ಅವಳು ಕ್ಷಮಿಸುತ್ತಿದ್ದಳೇನೋ, ಈಗ ಒಂದೇ ಒಂದು ಸಲ "ಅವ್ವಾ, ಹಂಗ ಅನಬ್ಯಾಡ" ಅಂದಿದ್ದರೆ...

ಚೌಡೇಶ ತಲೆ ತಗ್ಗಿಸಿದ.

"ಹೌದವ್ವ," ಅಂದ.

ಲುಂಬಿನಿ ಬ್ಯಾಗು ಎತ್ತಿಕೊಂಡಳು. ಅಳಲಿಲ್ಲ. ರೈಲಿನಲ್ಲೂ ಅಳಲಿಲ್ಲ. ಶಹಾಬಾದಿನ ಮನೆ ಹೊಸ್ತಿಲಲ್ಲಿ ಪೀರಮ್ಮ "ಉಂಡ್ಯಾ?" ಎಂದು ಕೇಳಿದಾಗ, ಅಲ್ಲೇ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನದಿಂದ ಅವಳು ಅಪ್ಪನ ಜೊತೆ ಪಾಲಿಶ್ ಯಾರ್ಡಿಗೆ ಹೊರಟಳು. ಲಾಲಪ್ಪ ಬೇಡವೆಂದ. "ಕಲ್ಲು ತಿಕ್ಕೋರ ಹುಡುಗಿ ಕಲ್ಲೇ ತಿಕ್ಕಬೇಕಪ್ಪ," ಅಂದಳು. ಆ ಮಾತಿಗೆ ಮುದುಕ ಮುಖ ಆಚೆ ತಿರುಗಿಸಿಕೊಂಡ. ತಾನು ನೊಂದಿದ್ದೇನೆಂದು ಅಪ್ಪನನ್ನೂ ನೋಯಿಸಿದಳು, ನೋಡಿ. ನೋವು ಮನುಷ್ಯರನ್ನು ಒಳ್ಳೆಯವರನ್ನಾಗಿ ಮಾಡುತ್ತದೆ ಎನ್ನುವವರು ಅವಳನ್ನು ಆ ದಿನಗಳಲ್ಲಿ ಕಾಣಬೇಕಿತ್ತು.

ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ ಚೌಡೇಶ ಯಾರ್ಡಿಗೆ ಬಂದ. ಗಡ್ಡ ಬಿಟ್ಟಿದ್ದ, ಕಣ್ಣು ಒಳಗೆ ಹೋಗಿದ್ದವು. ಲುಂಬಿನಿ ಮೊಣಕೈವರೆಗೆ ಬಿಳೀ ಕೆಸರು ಮೆತ್ತಿಕೊಂಡು ಪಾಲಿಶ್ ಮಶೀನಿನ ಹಿಡಿಕೆ ಹಿಡಿದಿದ್ದಳು.

"ಲುಂಬಿನಿ, ನಾ..."

ಅವಳು ಮಶೀನ್ ಹಚ್ಚಿದಳು. ಗರ್ರ್ ಎಂದು ಕಲ್ಲು ಕೂಗಿತು. ಅವನ ಬಾಯಿ ಆಡಿದ್ದು ಕಂಡಿತೇ ಹೊರತು ಮಾತು ಕೇಳಲಿಲ್ಲ. ಅವನು ಸುಮ್ಮನಾದಾಗ ಮಶೀನ್ ನಿಲ್ಲಿಸಿದಳು.

"ಒಂದ್ಸಲ ಕೇಳು, ನನ್ನ..."

ಮತ್ತೆ ಹಚ್ಚಿದಳು. ಯಾರ್ಡಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಕೆಸರು ಸಿಡಿದು ಅವನ ಪ್ಯಾಂಟೆಲ್ಲ ಬೆಳ್ಳಗಾಯಿತು. ಅವನು ಕದಲಲಿಲ್ಲ. ಅವಳಿಗೂ ಕೈ ಸೋತು, ಕಡೆಗೊಮ್ಮೆ ಮಶೀನ್ ಬಂದ್ ಮಾಡಿದಳು.

ಚೌಡೇಶ ಜೇಬಿನಿಂದ ಆ ಹೀಟ್‌ಸಿಂಕ್ ತೆಗೆದ. "ಏನ್ ತಪ್ಪಾಗ್ಯದ ಅಂತ ಗೊತ್ತಾತು. ಗಾಜಿನ ಮ್ಯಾಲ ಬೋರಲ ಇಟ್ಟು ನೋಡ್ದೆ, ನಡುವ ತಗ್ಗದ, ಬೆಳಕು ಕಾಣ್ತದ. ಪೇಪರ್ ಗಾಜಿನ ಮ್ಯಾಲ ಹಾಸಿ, ಇದನ್ನೇ ಅದರ ಮ್ಯಾಲ ಎಳದಾಡಬೇಕಿತ್ತು. ನೀವು ಕಲ್ಲಿಗಿ ಮಾಡೋದರ ಉಲ್ಟಾ. ನಿಂದೇನೂ ತಪ್ಪಿಲ್ಲ ಲುಂಬಿನಿ, ಇಬ್ಬರಿಗೂ ಗೊತ್ತಿರ್ಲಿಲ್ಲ..."

"ತಿಕ್ಕಿದ್ದು ನಾನೇ. ತಪ್ಪು ನಂದೇ." ಅವಳ ದನಿ ತಣ್ಣಗಿತ್ತು. ಮೊದಲ ಸಲ ಅವನನ್ನು ಏಕವಚನದಲ್ಲಿ ಮಾತಾಡಿಸಿದಳು. "ಆ ತಪ್ಪಿಗಿ ನಾ ಅತ್ತಿಲ್ಲ. ನೀ 'ಹೌದವ್ವ' ಅಂದ್ಯಲ್ಲ, ಅದಕ್ಕ ಅತ್ತೀನಿ."

"ಕ್ಷಮಾ ಮಾಡು. ಕಾಲು ಬೀಳ್ತೀನಿ..."

"ಅಂದಿದ್ದು ನಾಕು ಮಂದಿ ಮುಂದ. ಕ್ಷಮಾ ಕೇಳೋದು ಇಲ್ಲಿ, ಕಲ್ಲಿನ ಮರ್ಯಾಗ ನಿಂತು? ಹೋಗು. ಅದೇ ಅಂಗಡ್ಯಾಗ, ಅದೇ ಮಂದಿ ಮುಂದ ಖರೆ ಹೇಳು. ನಿಮ್ಮವ್ವನ ಮುಂದ ಹೇಳು. ಆಗೋದಿಲ್ಲಂದ್ರ ನನ್ನ ಮುಂದ ಮತ್ತ ಬರಬ್ಯಾಡ."

"ಅವ್ವ ಸತ್ತೇ ಹೋಗ್ತಾಳ..."

"ನಾ ಅವತ್ತೇ ಸತ್ತೀನಿ, ನೋಡ್ಲಿಕ್ಕ ಬಂದಿದ್ಯೇನು?"

ಅವಳು ಮಶೀನ್ ಹಚ್ಚಿದಳು. ಅವನು ಹೋದ ಮೇಲೂ ಅದನ್ನು ನಿಲ್ಲಿಸಲಿಲ್ಲ, ಅಳು ಯಾರಿಗೂ ಕೇಳಬಾರದಲ್ಲ!

ಕೆಲ ದಿನ ಕಳೆದು ಚೌಡೇಶನ ಫೋನ್ ಬಂತು. "ಇವತ್ತು ಅಮರನಾಥ ಸಾಹುಕಾರ್ರು ಅಂಗಡಿಗಿ ಬರ್ಲಿಕತ್ತಾರ. ಡಿಸ್ಕ್ ಹೈದರಾಬಾದಿಗಿ ಕಳಿಸಿದ್ದೆ, ಸ್ವಲ್ಪ ವಿಡಿಯೋ ಸಿಕ್ಕದ. ಅವ್ವನೂ ಇರ್ತಾಳ. ನೀ ಬಾ."

ಲುಂಬಿನಿ ಹಿಂಜರಿದಳು. ಮತ್ತೊಮ್ಮೆ ಅದೇ ಮೂಲೆಯಲ್ಲಿ ನಿಂತು, ಮತ್ತೊಮ್ಮೆ ಅದೇ ಮಾತು ಕೇಳಬೇಕಾದರೆ?

"ಹೋಗು," ಅಂದಳು ಪೀರಮ್ಮ. "ಖರೆ ಹೇಳಿದ್ರ ಕೇಳಿ ಬಾ. ಹೇಳ್ಲಿಲ್ಲಂದ್ರ ಮುಖದ ಮ್ಯಾಲ ಉಗುಳಿ ಬಾ. ಎರಡಕ್ಕೂ ಹೋಗೇ ಹೋಗ್ಬೇಕು."

ಅಂಗಡಿಯಲ್ಲಿ ಅದೇ ಜನ. ಅಮರನಾಥ ಪರದೆಯ ಮುಂದೆ ಕುಳಿತಿದ್ದ. ಸಿಕ್ಕ ವಿಡಿಯೋ ಓಡಿತು. ಮುಹೂರ್ತವಿಲ್ಲ, ತಾಳಿಯಿಲ್ಲ, ಮಗಳ ಮುಖವೂ ಇಲ್ಲ. ಬರೀ ಊಟದ ಪಂಕ್ತಿ! ಯಾರೋ ದೂರದ ನೆಂಟ ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ, ಇನ್ನೂ ಹಾಕು ಎಂದು ಕೈ ಮಾಡುತ್ತಿದ್ದ.

"ಇಷ್ಟೇನಾ?" ಅಮರನಾಥ ಕುರ್ಚಿಯಿಂದ ಎದ್ದ. ಅವನ ಕಣ್ಣು ಲುಂಬಿನಿಯ ಮೇಲೆ ಬಿತ್ತು. "ಎಲ್ಲಾ ಇಕಿ ದಯಾ!"

"ಇಕಿಂದಲ್ರಿ." ಚೌಡೇಶ ಎದ್ದು ನಿಂತ. "ಅವತ್ತು ನಾ ಸುಳ್ಳು ಹೇಳೀನಿ. ತಿಕ್ಕು ಅಂದಾಂವ ನಾ. ಕಲೆ ಉಳದದ, ಮತ್ತ ತಿಕ್ಕು ಅಂತ ವಾಪಸ್ ಕಳಿಸಿದಾಂವ ನಾ. ಕೂಡಿಸಿದಾಂವ ನಾ. ನಿಮ್ಮ ಕಾರ್ಡ್ ಅಳಿಸಿದಾಂವನೂ ನಾನೇ. ಅಂಜಿ ಇಕಿ ಮ್ಯಾಲ ಹಾಕಿದೆ."

ಫಟಾರ್!

ಅಮರನಾಥನ ಕೈ ಅವನ ಕೆನ್ನೆ ಮೇಲೆ ಬಿತ್ತು. ಚೌಡೇಶ ಟೇಬಲ್ಲಿಗೆ ಬಡಿದು, ಸಾವರಿಸಿಕೊಂಡು, ಮತ್ತೆ ನೆಟ್ಟಗೆ ನಿಂತ. ಇನ್ನೊಂದು ಬಿತ್ತು. ತುಟಿ ಒಡೆಯಿತು.

ಲುಂಬಿನಿಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು? ಅಯ್ಯೋ ಅಂತ ಓಡಿಹೋಗಿ ತಡೆಯುವ ಹುಡುಗಿಯರು ಬೇರೆ ಇದ್ದಾರು. ಇವಳು ಕೈಕಟ್ಟಿ ನಿಂತು, ಎರಡೂ ಏಟನ್ನು ಕಣ್ಣು ತುಂಬ ನೋಡಿದಳು.

"ಇನ್ನ ಸೇಡಂ ಕಡಿ ಕ್ಯಾಮೆರಾ ಹಿಡಕೊಂಡು ಬಂದಿ ಅಂದ್ರ ಕಾಲು ಮುರೀತೀನಿ," ಎಂದು ಅಮರನಾಥ ತನ್ನವರೊಂದಿಗೆ ಇಳಿದುಹೋದ.

ಹೀರಾಬಾಯಿ ಎದೆ ಎದೆ ಬಡಿದುಕೊಂಡಳು. "ಈ ಹುಡುಗಿ ಸಲುವಾಗಿ ಮಂದಿ ಕೈಲೆ ಹೊಡಿಸಿಕೊಂಡ್ಯೇನೋ? ಯಾರಾಗ್ಬೇಕು ಇಕಿ ನಿನಗ?"

"ಲಗ್ನ ಆದ್ರ ಇಕಿನ್ನೇ ಆಗ್ತೀನವ್ವ. ಅವತ್ತು ಹೌದು ಅಂದಿದ್ದೆ. ಅದು ಸುಳ್ಳು. ಇಕಿ ಕೈಗುಣಕ್ಕ ಏನೂ ಆಗಿಲ್ಲ. ಕೆಟ್ಟದ್ದು ನನ್ನ ನಾಲಿಗಿ."

"ಹಂಗಾದ್ರ ನನ್ನ ಮನಿ ಮೆಟ್ಲ ಹತ್ತಬ್ಯಾಡ!"

ಬಿಚ್ಚಿದ್ದ ಬುತ್ತಿಯನ್ನು ಹಾಗೇ ಗಂಟು ಕಟ್ಟಿ, ಹಿಂದೆ ತಿರುಗಿ ನೋಡದೆ ಹೀರಾಬಾಯಿ ಹೊರಟುಹೋದಳು. ಚೌಡೇಶ ಬಾಗಿಲವರೆಗೆ ಹೋದವನು ಹೊಸ್ತಿಲಲ್ಲೇ ನಿಂತುಬಿಟ್ಟ. ತಾಯಿ ತಿರುವಿನಲ್ಲಿ ಮರೆಯಾದ ಮೇಲೆ ಅಲ್ಲೇ ಕುಳಿತು, ಮುಖ ಮುಚ್ಚಿಕೊಂಡು ಅತ್ತ. ಆ ಅಳು ನೋಡಿ ಮಾತ್ರ ಲುಂಬಿನಿಗೆ ಖುಷಿಯಾಗಲಿಲ್ಲ.

ಕೊಡದಿಂದ ನೀರು ತಂದು, ಸೆರಗಿನ ತುದಿ ಒದ್ದೆ ಮಾಡಿ ಅವನ ತುಟಿಗೆ ಒತ್ತಿದಳು.

"ನೋಯ್ತದೇನು?"

"ಭಾಳ..."

"ಚಲೋ ಆತು."

ಅವನು ಅಳುತ್ತಲೇ ನಕ್ಕ. ನಗಲು ಹೋಗಿ ತುಟಿ ಮತ್ತೆ ಬಿರಿಯಿತು. "ಎಲ್ಲಾ ಹೋತು ಲುಂಬಿನಿ. ಅವ್ವ ಹೋದ್ಳು, ಗಿರಾಕಿ ಹೋದ್ರು. ನೀನಾದ್ರೂ ಇರ್ತೀ? ನಾ ನಿನ್ನ ಭಾಳ ಪ್ರೀತಿ ಮಾಡ್ತೀನಿ. ಮಂದಿ ಮುಂದ ಹೇಳ್ಲಿಕ್ಕ ತಡಾ ಮಾಡ್ದೆ, ಖರೆ..."

ಅವಳು ಸೆರಗು ಹಿಂಡಿ, ಮತ್ತೆ ಒದ್ದೆ ಮಾಡಿ, ಮತ್ತೆ ಒತ್ತಿದಳು. ಅವಳ ಕೈ ಒರಟಾಗಿತ್ತು, ಆದರೂ ಒತ್ತಿದ್ದು ಮೆಲ್ಲಗೇ.

"ಪ್ರೀತಿ ನನಗೂ ಅದ," ಅಂದಳು ಕೊನೆಗೆ. "ಯಾವಾಗ್ಲೂ ಇತ್ತು. ಹೋಗಲಿ ಅಂತ ಎಷ್ಟು ಬಡಕೊಂಡೆ, ಹೋಗ್ಲಿಲ್ಲ."

"ಅಂದ್ರ... ಕ್ಷಮಾ ಮಾಡಿದ್ಯಾ?"

"ಇಲ್ಲ."

"ಪ್ರೀತಿ ಅದ ಅಂದ್ಯಲ್ಲ?"

"ಅದ. ಕ್ಷಮಾ ಇನ್ನೂ ಆಗಿಲ್ಲ. ಅವೆರಡೂ ಬ್ಯಾರೆ ಬ್ಯಾರೆ."

ಅವನು ತಲೆ ತಗ್ಗಿಸಿದ. "ಮತ್ತ ಯಾವಾಗ ಮಾಡ್ತಿ?"

"ನನಗೂ ಗೊತ್ತಿಲ್ಲ. ದಿನಾ ಕೇಳು."

"ದಿನಾ?"

"ಹೂಂ. ಜತಿಗೇ ಇರ್ತೀನಲ್ಲ... ಕೇಳ್ಲಿಕ್ಕ ದೂರ ಹೋಗಬೇಕಾಗಂಗಿಲ್ಲ."